ಅಂಗಮಾರಿಗೆ ಊರು ಯಾವುದು?

ಪ್ರಶ್ನೆ: ನಮ್ಮದು ಹೊಳೆನರಸೀಪುರ ತಾಲ್ಲೂಕು. ನಮ್ಮಪ್ಪ ಆಲೂಗೆಡ್ಡೆ ಹಾಕುತ್ತಿದ್ದರು, ನಾವು ಮುಸುಕಿನ ಜೋಳ ಹಾಕುತ್ತಿದ್ದೇವೆ. ಬೆಳೆ ರೋಗ, ಆಹಾರ ಸುರಕ್ಷತೆ ಅಂತ ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಳ್ಳುತ್ತವೆ ಎಂದು ಪೇಪರಿನಲ್ಲಿ ಓದುತ್ತೇನೆ. ರೋಮಿನಲ್ಲೋ ಜಿನೀವಾದಲ್ಲೋ ನಡೆಯುವ ಆ ಸಭೆಗಳಿಂದ ಹಾಸನ ಜಿಲ್ಲೆಯ ರೈತನಿಗೆ ನಿಜವಾಗಿ ಏನಾದರೂ ಸಿಕ್ಕಿದೆಯೇ? ಇಲ್ಲಾ, ಅದೆಲ್ಲ ರಫ್ತು ಮಾಡುವವರ ತಲೆನೋವೇ?
– ಓದುಗರೊಬ್ಬರು, ಹೊಳೆನರಸೀಪುರ

ಉತ್ತರ: ಸಿಕ್ಕಿದೆ. ಆದರೆ ‘ಅಂತರರಾಷ್ಟ್ರೀಯ ಸಹಕಾರ’ ಎಂದು ಬೋರ್ಡು ಹಾಕಿಕೊಂಡು ಬಂದಿಲ್ಲವಾದ್ದರಿಂದ ನಮಗೆ ಗುರುತು ಹತ್ತಿಲ್ಲ. ಒಂದು ಕಡೆ ಬೆರಳುದ್ದದ ಸಸಿಯಾಗಿ ಬಂದಿದೆ, ಇನ್ನೊಂದು ಕಡೆ ಸಾಸಿವೆ ಕಾಳಿಗಿಂತ ಸಣ್ಣ ಕಣಜವಾಗಿ, ಮತ್ತೊಂದು ಕಡೆ ಮಿಡಿಸೌತೆ ಕಂಪನಿಯವರು ಕೊಡುವ ಔಷಧಿ ಪಟ್ಟಿಯಾಗಿ. ಸಿಗಬೇಕಾದಷ್ಟು ಸಿಕ್ಕಿದೆಯೇ ಎಂದು ಕೇಳಿದರೆ, ಇಲ್ಲ. ಎರಡನ್ನೂ ಹೇಳುತ್ತೇನೆ.

ನಿಮ್ಮ ಮನೆಯ ಕಥೆಯಿಂದಲೇ ಶುರು ಮಾಡೋಣ. ಅಪ್ಪನ ಕಾಲಕ್ಕೆ ಆಲೂಗೆಡ್ಡೆ, ಮಗನ ಕಾಲಕ್ಕೆ ಜೋಳ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಎಷ್ಟೋ ಮನೆಗಳದ್ದು ಇದೇ ಕಥೆ. ಆಲೂಗೆಡ್ಡೆ ಬಿಡುವುದಕ್ಕೆ ಬೆಲೆ ಕುಸಿತ, ಬಿತ್ತನೆಯ ಖರ್ಚು, ಕೂಲಿ ಎಂದು ಹಲವು ಕಾರಣಗಳಿದ್ದವು. ಅವುಗಳಲ್ಲಿ ದೊಡ್ಡದು ಅಂಗಮಾರಿ. ಸರಿ, ಜೋಳವಾದರೂ ನೆಮ್ಮದಿ ಕೊಡುತ್ತದೆ ಎಂದುಕೊಂಡರೆ 2018ರಲ್ಲಿ ಅದರ ಸುಳಿಗೆ ಸೈನಿಕ ಹುಳು ಬಿತ್ತು. ಈಗ ಒಂದು ವಿಚಾರ ಗಮನಿಸಿ. ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಮುಸುಕಿನ ಜೋಳದ ತವರು ಮೆಕ್ಸಿಕೊ. ಅಂಗಮಾರಿಯೂ ಸೈನಿಕ ಹುಳುವೂ ಅದೇ ಅಮೆರಿಕ ಖಂಡಗಳವು. ಬೆಳೆ ಮೊದಲು ಬಂತು, ಅದರ ಶತ್ರು ವಿಳಾಸ ಹುಡುಕಿಕೊಂಡು ಆಮೇಲೆ ಬಂತು. ಹೀಗಿರುವಾಗ ಶತ್ರುವಿನ ಜಾತಕ ತಿಳಿದವರು ಅದರ ತವರಿನಲ್ಲೋ, ನಮಗಿಂತ ಮೊದಲು ಅದರ ಕೈಗೆ ಸಿಕ್ಕಿ ಕಷ್ಟಪಟ್ಟ ದೇಶದಲ್ಲೋ ಇರುತ್ತಾರೆ. ಅವರನ್ನು ಕೇಳದೆ ನಮ್ಮ ಹೊಲ ಉಳಿಯುವುದಿಲ್ಲ. ನೀವು ಕೇಳಿದ ಸಹಕಾರದ ತಿರುಳು ಇಷ್ಟೇ.

ಮೊದಲು ಅಂಗಮಾರಿ. ಮುಂಗಾರಿನ ನಡುವೆ ಮೋಡ ಮುಚ್ಚಿ, ಜಿಟಿಜಿಟಿ ಮಳೆ ಹಿಡಿದು, ತಂಪು ಬಿದ್ದರೆ ಹಾಸನದ ರೈತನ ಎದೆ ಧಸಕ್ಕೆನ್ನುವುದು ಇದಕ್ಕೇ. ಎಲೆಯ ಅಂಚಿನಲ್ಲಿ ನೀರಲ್ಲಿ ನೆಂದಂಥ ಕಲೆ, ಎಲೆ ಮಗುಚಿದರೆ ಬಿಳಿ ಬೂಷ್ಟು, ನಾಲ್ಕಾರು ದಿನದಲ್ಲಿ ಇಡೀ ಹೊಲ ಬಿಸಿನೀರು ಸುರಿದಂತೆ ಬೆಂದು ಮಲಗುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ನೆಲಸಮ ಮಾಡಿದ್ದು ಇದೇ ರೋಗ. ಅಲ್ಲಿನ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ, 1870–80ರ ನಡುವೆ.

ಅಂದರೆ ರೋಗ ಹೊಸದಲ್ಲ. ಆದರೆ 2008ರ ನಂತರದ ಕೆಲವು ವರ್ಷ ದಕ್ಷಿಣ ಭಾರತದಲ್ಲಿ ಆಲೂಗೆಡ್ಡೆಗೂ ಟೊಮೇಟೊಗೂ ಅದು ಹಿಂದೆಂದೂ ಇಲ್ಲದ ಹಾಗೆ ಬಡಿಯಿತು. ಯಾಕೆ ಎಂಬುದನ್ನು ಪತ್ತೆ ಹಚ್ಚಿದ್ದು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪ ಮತ್ತು ಅವರ ತಂಡ. ರೋಗಾಣುವಿನ ಡಿಎನ್‌ಎ ಪರೀಕ್ಷೆಯಲ್ಲಿ ಅವರ ಜೊತೆ ನಿಂತವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಸಂಸ್ಥೆಯ ವಿಜ್ಞಾನಿಗಳು. ಸಿಕ್ಕಿದ ಉತ್ತರ ಇದು: ಇಲ್ಲಿ ಹಬ್ಬಿರುವುದು ಹಳೆಯ ತಳಿಯ ರೋಗಾಣು ಅಲ್ಲ, 2004ರಲ್ಲಿ ಯುರೋಪಿನಲ್ಲಿ ಕಾಣಿಸಿಕೊಂಡ ‘13_ಎ2’ ಎಂಬ ಹೊಸ ತಳಿ. ಅದರ ದೊಡ್ಡ ಅಪಾಯವೆಂದರೆ ಅಂಗಮಾರಿಗೆ ರಾಮಬಾಣ ಎನಿಸಿಕೊಂಡಿದ್ದ ಮೆಟಲಾಕ್ಸಿಲ್ ಔಷಧಿಗೆ ಅದು ಬಗ್ಗುವುದಿಲ್ಲ.

ಇದರಿಂದ ರೈತನಿಗೇನು? ಔಷಧಿ ಹೊಡೆದರೂ ರೋಗ ನಿಲ್ಲದಿದ್ದಾಗ ನಾವು ಮಾಡುವುದು ಮತ್ತೊಮ್ಮೆ ಅದನ್ನೇ ಹೊಡೆಯುವುದು, ಇನ್ನಷ್ಟು ಗಟ್ಟಿ ಬೆರೆಸಿ ಹೊಡೆಯುವುದು. ದುಡ್ಡೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ, ಉಳಿದ ವಿಷ ಗೆಡ್ಡೆಯ ಜೊತೆ ಅಡುಗೆಮನೆಗೆ ಬರುತ್ತದೆ. ತಳಿ ಯಾವುದು ಎಂದು ಗೊತ್ತಾದ ಮೇಲಷ್ಟೇ ‘ಇದನ್ನು ನಂಬಿ ಕೂರಬೇಡಿ, ರೋಗ ಬರುವ ಮೊದಲೇ ಮ್ಯಾಂಕೋಜೆಬ್‌ನಂಥ ರಕ್ಷಣಾ ಸಿಂಪಡಣೆ ಮಾಡಿ, ಆಮೇಲೆ ಔಷಧಿ ಬದಲಿಸಿ ಬದಲಿಸಿ ಹೊಡೆಯಿರಿ’ ಎಂದು ಹೇಳಲು ಸಾಧ್ಯ. ಆ ಒಂದು ಮಾತಿನ ಹಿಂದೆ ಮೂರು ದೇಶಗಳ ಪ್ರಯೋಗಾಲಯಗಳಿವೆ.

ಇನ್ನು ಬಿತ್ತನೆಯ ಪಾಡು. ಹಾಸನದ ಆಲೂಗೆಡ್ಡೆ ಮುಂಗಾರಿನ ಬೆಳೆ, ಆದರೆ ಬಿತ್ತನೆ ಗೆಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಅಲ್ಲಿ ಚಳಿಗಾಲದ ಕೊನೆಗೆ ಕಿತ್ತ ಗೆಡ್ಡೆ ಶೀತಲಗೃಹ ಸೇರಿ, ಬೇಸಿಗೆಯಲ್ಲಿ ಲಾರಿ ಹತ್ತಿ ಹಾಸನದ ಎಪಿಎಂಸಿಗೆ ಇಳಿಯುತ್ತದೆ. ನಾವೇ ಬಿತ್ತನೆ ಮಾಡಿಕೊಂಡರೆ ಆಗದೇ ಎಂದರೆ ಸುಲಭವಲ್ಲ: ನಮ್ಮ ಹವೆಯಲ್ಲಿ ಹೇನು ಹೆಚ್ಚು, ಹೇನಿನ ಜೊತೆ ನಂಜುರೋಗ, ಎರಡು ಮೂರು ವರ್ಷಕ್ಕೆ ಗೆಡ್ಡೆಯ ಸತ್ವ ಇಳಿದುಹೋಗುತ್ತದೆ. ಹಾಗಾಗಿ ಸಾವಿರಾರು ಕಿಲೋಮೀಟರ್ ದೂರದ ಗೆಡ್ಡೆಗೆ ಕೇಳಿದಷ್ಟು ದುಡ್ಡು ಕೊಡಬೇಕು. ಅದರ ಹೊಟ್ಟೆಯಲ್ಲಿ ಯಾವ ರೋಗ ಕೂತಿದೆಯೋ ಹೊರಗಿನಿಂದ ಕಾಣುವುದಿಲ್ಲ.

ಇಲ್ಲಿಗೆ ಬಂದದ್ದು ಪೆರು ದೇಶದ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ. ಆಂಡಿಸ್ ರೈತರು ತಲೆತಲಾಂತರದಿಂದ ಉಳಿಸಿಕೊಂಡ ತಳಿಗಳೂ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಆಲೂಗೆಡ್ಡೆ ತಳಿಗಳ ಭಂಡಾರ ಅದರ ಬಳಿ ಇದೆ. ಆ ಕೇಂದ್ರದ ನೆರವಿನಿಂದ ವಿಯೆಟ್ನಾಂನ ದಲಾತ್ ಗುಡ್ಡಗಾಡಿನ ರೈತರು 1980ರ ದಶಕದಲ್ಲೇ ಒಂದು ಉಪಾಯ ರೂಢಿಸಿಕೊಂಡಿದ್ದರು. ಅಂಗಾಂಶ ಕೃಷಿಯಿಂದ ಬಂದ ರೋಗರಹಿತ ತಾಯಿಗಿಡದ ತುದಿಕುಡಿ ಕತ್ತರಿಸಿ, ಅದಕ್ಕೆ ಬೇರು ಬರಿಸಿ, ಸಸಿಯನ್ನೇ ನಾಟಿ ಮಾಡುವುದು. ಅದು ಮುಂದೆ ಕೆನ್ಯಾಕ್ಕೆ ಹೋಯಿತು. ಹಾಸನಕ್ಕೂ ಬಂತು: ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸೋಮನಹಳ್ಳಿ ಕಾವಲಿನ ಸಂಶೋಧನಾ ಕೇಂದ್ರದಲ್ಲಿ ಲಿಮಾದ ಕೇಂದ್ರದ ಜೊತೆಗೂಡಿ ಇದರ ಪ್ರಯೋಗ ನಡೆಯಿತು. ‘ಎಆರ್‌ಸಿ ಸಸಿ’ ಎಂದು ನಿಮ್ಮ ಕಡೆ ಈಗ ಮಾತಾಡಿಕೊಳ್ಳುವುದು ಇದನ್ನೇ. ರಾಗಿ ಪೈರು, ಹೊಗೆಸೊಪ್ಪಿನ ಸಸಿ, ಟೊಮೇಟೊ ಸಸಿ ನಾಟಿ ಮಾಡಿ ಗೊತ್ತಿರುವ ಕೈಗೆ ಇದೇನು ಕಷ್ಟದ ಕೆಲಸವಲ್ಲ. ಸಸಿಯಿಂದ ಬಂದ ಗೆಡ್ಡೆಯನ್ನು ಮುಂದಿನ ಒಂದೆರಡು ಬೆಳೆಗೆ ಬಿತ್ತನೆಯಾಗಿ ಬಳಸಬಹುದು. ಜಲಂಧರಿನ ಲಾರಿ ಕಾಯುವ ಪ್ರಮೇಯ ಅಷ್ಟರಮಟ್ಟಿಗೆ ತಪ್ಪುತ್ತದೆ. ಇದೇ ಕೇಂದ್ರದ ದಕ್ಷಿಣ ಏಷ್ಯಾ ಶಾಖೆಯನ್ನು ಆಗ್ರಾದ ಸಿಂಗ್ನಾದಲ್ಲಿ ತೆರೆಯಲು 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ.

ಈಗ ನಿಮ್ಮ ಜೋಳಕ್ಕೆ ಬರೋಣ. ಸೈನಿಕ ಹುಳು ಅಮೆರಿಕ ಖಂಡಗಳ ಆಚೆ ಕಾಲಿಟ್ಟದ್ದು 2016ರ ಆರಂಭದಲ್ಲಿ, ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗಕ್ಕೆ. ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್‌ವರೆಗೆ ಹಾರಬಲ್ಲದು. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಎರಡೇ ವರ್ಷದಲ್ಲಿ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಜೋಳದ ಹೊಲದಲ್ಲಿ ಅದು ಸಿಕ್ಕಿತು. ಕಂಡು ಗುರುತಿಸಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಭಾರತದಲ್ಲಷ್ಟೇ ಅಲ್ಲ, ಇಡೀ ಏಷ್ಯಾದಲ್ಲಿ ಅದು ಮೊದಲ ದಾಖಲೆ. 2019ರ ಆರಂಭಕ್ಕೆ ಚೀನಾ, 2020ರ ಆರಂಭಕ್ಕೆ ಆಸ್ಟ್ರೇಲಿಯಾ ತಲುಪಿತು.

ಈ ಎರಡು ವರ್ಷದ ಅಂತರದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಆಫ್ರಿಕಾದ ರೈತರು ಕಲಿತ ಪಾಠವನ್ನೆಲ್ಲ ಒಟ್ಟುಮಾಡಿ, ಮೆಕ್ಸಿಕೊದ ಅಂತರರಾಷ್ಟ್ರೀಯ ಜೋಳ ಮತ್ತು ಗೋಧಿ ಕೇಂದ್ರದವರು 2018ರ ಜನವರಿಯಲ್ಲಿ ಒಂದು ಕೈಪಿಡಿ ಹೊರತಂದಿದ್ದರು. ಹುಳು ಶಿವಮೊಗ್ಗದಲ್ಲಿ ಕಾಣುವ ನಾಲ್ಕು ತಿಂಗಳ ಮೊದಲೇ ಅದರ ಗುರುತು, ನಡತೆ, ಮದ್ದು ಅಚ್ಚಾಗಿ ಸಿದ್ಧವಿತ್ತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಇದೇ ಎಂಬ ಗುರುತನ್ನು ನಿಮಗೂ ಯಾರಾದರೂ ಹೇಳಿರುತ್ತಾರೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಹುಳುವಿನ ಮೇಲೆ ಜಾಗತಿಕ ಕಾರ್ಯಾಚರಣೆ ಘೋಷಿಸಿತು; ಅದರ ಎಂಟು ಪ್ರಾತ್ಯಕ್ಷಿಕೆ ದೇಶಗಳಲ್ಲಿ ಭಾರತವೂ ಒಂದು. ನೀವು ಹೇಳುವ ‘ರೋಮಿನ ಸಭೆ’ ಇಂಥದ್ದೇ.

ಹೊರಗಿನ ಪಾಠದಲ್ಲಿ ನಮ್ಮದೇ ಹಳೆಯ ವಿದ್ಯೆಯೂ ಸಿಗುತ್ತದೆ. ಕೆನ್ಯಾದ ಕೀಟವಿಜ್ಞಾನ ಕೇಂದ್ರ ಬೆಳೆಸಿದ ಪದ್ಧತಿಯಲ್ಲಿ ಜೋಳದ ಸಾಲುಗಳ ನಡುವೆ ಒಂದು ದ್ವಿದಳ ಗಿಡ ಹಾಕಿ ಹುಳುವನ್ನು ದೂರ ಅಟ್ಟುತ್ತಾರೆ, ಹೊಲದ ಸುತ್ತ ನೇಪಿಯರ್ ಹುಲ್ಲು ಬೆಳೆದು ಅತ್ತ ಸೆಳೆಯುತ್ತಾರೆ. ನಮ್ಮಲ್ಲೂ ಜೋಳದ ನಡುವೆ ತೊಗರಿ, ಅಲಸಂದೆ ಹಾಕಿ ಎಂದು ಶಿಫಾರಸು ಮಾಡಿದರು. ನಮ್ಮ ತಾತಂದಿರು ಇದನ್ನು ಅಕ್ಕಡಿ ಸಾಲು ಎನ್ನುತ್ತಿದ್ದರು. ಹೈಬ್ರಿಡ್ ಜೋಳದ ಭರದಲ್ಲಿ ನಾವದನ್ನು ಬಿಟ್ಟಿದ್ದೆವು. ಎಳೆ ಪೈರಿನ ಸುಳಿಗೆ ಮರಳು–ಸುಣ್ಣ ಬೆರೆಸಿ ಹಾಕುವುದು, ಹುಳು ಬಲಿತ ಮೇಲೆ ತೌಡು–ಬೆಲ್ಲದ ವಿಷ ಪಾಷಾಣ ಇಡುವುದು, ಇವೂ ಅದೇ ಶಿಫಾರಸಿನವು.

ಇನ್ನು ಕಣಜದ ವಿಷಯ. ಬೆಂಗಳೂರಿನಲ್ಲಿ 1957ರಷ್ಟು ಹಿಂದೆಯೇ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ ಶುರುವಾಗಿತ್ತು. ಇಂದು ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ಬೇರು ಅಲ್ಲಿದೆ. 1963ರಲ್ಲಿ ನ್ಯೂಗಿನಿಯಿಂದ ಒಂದು ಕಣಜವನ್ನು ಭಾರತಕ್ಕೆ ತಂದರು. ಹೆಸರು ಟೆಲಿನೋಮಸ್ ರೀಮಸ್. ಹೊಗೆಸೊಪ್ಪಿನ ಎಲೆ ತಿನ್ನುವ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು, ಹುಳು ಹುಟ್ಟುವ ಮೊದಲೇ ಅದರ ವಂಶ ಮುಗಿಸುವುದು ಇದರ ಕಸುಬು. ಸೈನಿಕ ಹುಳು ಅದೇ ಕುಲದ್ದು. ಅರವತ್ತು ವರ್ಷದ ಹಿಂದೆ ಹೊಗೆಸೊಪ್ಪಿನ ಹುಳುವಿಗೆಂದು ತಂದ ಕಣಜವನ್ನೇ ಈಗ ಜೋಳಕ್ಕೂ ಬಿಡಿ ಎಂದು ಬ್ಯೂರೊ ಹೇಳುತ್ತಿದೆ. ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪು ಒಯ್ಯುವ ಅರಕಲಗೂಡಿನ ರೈತ ಅದೇ ಹೊತ್ತಿಗೆ ಜೋಳದ ರೈತನೂ ಹೌದಲ್ಲವೇ?

ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ಪರಂಗಿ ಹಿಟ್ಟುತಿಗಣೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಈ ಬಿಳಿ ಕೀಟ ಪರಂಗಿ ಮಾತ್ರವಲ್ಲ, ಹಿಪ್ಪುನೇರಳೆಯನ್ನೂ ಹಿಡಿಯಿತು. ಹಿಪ್ಪುನೇರಳೆಗೆ ಬೇಕಾಬಿಟ್ಟಿ ವಿಷ ಹೊಡೆದರೆ ಸೊಪ್ಪು ತಿಂದ ರೇಷ್ಮೆ ಹುಳುವೇ ಸಾಯುತ್ತದೆ. ಆಗ ಅಮೆರಿಕದ ಕೃಷಿ ಇಲಾಖೆಯವರು ತಮ್ಮ ಪೋರ್ಟೊರಿಕೊ ಪ್ರಯೋಗಾಲಯದಿಂದ ಮೂರು ಜಾತಿಯ ಕಣಜಗಳನ್ನು 2010ರ ಜುಲೈನಲ್ಲಿ ಬೆಂಗಳೂರಿಗೆ ಕಳಿಸಿದರು. ಇಲ್ಲಿ ಪರೀಕ್ಷಿಸಿ, ಸಾಕಿ, ತಮಿಳುನಾಡು, ಕರ್ನಾಟಕದಲ್ಲಿ ಬಿಟ್ಟರು. ಹಿಟ್ಟುತಿಗಣೆ ಹಿಡಿತಕ್ಕೆ ಬಂತು. ರೈತ ಅದಕ್ಕಾಗಿ ಒಂದು ರೂಪಾಯಿ ಕೊಡಲಿಲ್ಲ, ಹೀಗಾಯಿತೆಂದು ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ.

ಕೆಲವೊಮ್ಮೆ ಅದೃಷ್ಟವೂ ಕೈ ಹಿಡಿಯುತ್ತದೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಗರಿಯ ಮೇಲೆ ಮಸಿ ಬಳಿದಂತೆ ಕಪ್ಪು ಕಟ್ಟಿದ್ದು ನೋಡಿರುತ್ತೀರಿ. ಅದಕ್ಕೆ ಕಾರಣವಾದ ಸುರುಳಿ ಬಿಳಿನೊಣ ಮಧ್ಯ ಅಮೆರಿಕದ್ದು. 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡ್ ಕಡೆ ಮೊದಲು ಕಂಡಿತು. ಅದರ ಹಿಂದೆಯೇ ಅದನ್ನು ತಿನ್ನುವ ಎನ್‌ಕಾರ್ಸಿಯ ಕಣಜವೂ ತಾನಾಗಿ ಬಂದಿರುವುದು ಗೊತ್ತಾಯಿತು. ಅದಕ್ಕೇ ವಿಜ್ಞಾನಿಗಳು ‘ತೆಂಗಿಗೆ ವಿಷ ಹೊಡೆಯಬೇಡಿ, ಕಣಜ ಸಾಯುತ್ತದೆ’ ಎಂದು ಬಡಕೊಳ್ಳುವುದು.

ಇದು ಬೆಳೆಯ ಆರೋಗ್ಯದ ಮಾತಾಯಿತು. ತಿನ್ನುವವರ ಆರೋಗ್ಯಕ್ಕೆ ಬಂದರೆ, ನಿಯಮಗಳು ಎಲ್ಲಿಂದ ಹುಟ್ಟುತ್ತವೆ ಎಂದು ಒಂದು ಮಾತು. ಸಸ್ಯರೋಗಕ್ಕೆ 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ, ದನಕರುಗಳ ರೋಗಕ್ಕೆ 1924ರಲ್ಲಿ ಹುಟ್ಟಿದ ಪ್ಯಾರಿಸಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ಆಹಾರಕ್ಕೆ 1963ರ ಕೋಡೆಕ್ಸ್ ಆಯೋಗ. ವಿಶ್ವ ವ್ಯಾಪಾರ ಸಂಸ್ಥೆಯ 1995ರ ಒಪ್ಪಂದ ಈ ಮೂರನ್ನೂ ಆಧಾರವಾಗಿ ಇಟ್ಟುಕೊಂಡಿದೆ. ಇವು ನಮ್ಮ ಮೇಲೆ ಬೇರೆಯವರು ಹೇರಿದ ನಿಯಮ ಮಾತ್ರ ಎಂದುಕೊಳ್ಳಬೇಡಿ. ಕೋಡೆಕ್ಸ್‌ನ ಸಾಂಬಾರ ಪದಾರ್ಥಗಳ ಸಮಿತಿಯನ್ನು ನಡೆಸುವುದು ಭಾರತವೇ. ಅದರ ಮೊದಲ ಸಭೆ 2014ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಸಕಲೇಶಪುರದ ಕಾಳುಮೆಣಸಿಗೆ ಜಗತ್ತು ಯಾವ ಅಳತೆಗೋಲು ಹಿಡಿಯಬೇಕು ಎಂಬ ಚರ್ಚೆ ನಮ್ಮವರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ.

ಈ ನಿಯಮ ಹೊಲದವರೆಗೆ ಬಂದಿರುವುದನ್ನು ನೋಡಬೇಕಾದರೆ ಮಿಡಿಸೌತೆ ಹೊಲಕ್ಕೆ ಹೋಗಬೇಕು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಈ ಬೆಳೆ ಹಾಸನ ಜಿಲ್ಲೆಗೂ ಬಂತು. 2020–21ರಲ್ಲಿ ಭಾರತ ಹೊರಗೆ ಕಳಿಸಿದ ಸೌತೆ, ಮಿಡಿಸೌತೆ 2,23,515 ಟನ್. ಬೀಜ, ಗೊಬ್ಬರ, ಔಷಧಿ ಎಲ್ಲ ಕಂಪನಿಯದ್ದೇ; ಯಾವ ಔಷಧಿ, ಎಷ್ಟು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದೂ ಅವರ ಲೆಕ್ಕದಂತೆ. ಯಾಕೆಂದರೆ ಯುರೋಪ್ ಒಕ್ಕೂಟ ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಸೌತೆಯಲ್ಲಿ ಒಂದು ಗ್ರಾಂ. ಒಬ್ಬ ರೈತನ ಒಂದು ತಪ್ಪು ಸಿಂಪಡಣೆ ಇಡೀ ಕಂಟೇನರನ್ನು ವಾಪಸ್ ಕಳಿಸಬಲ್ಲದು.

ಹಾಲಿಗೂ ಇಂಥದೇ ಲೆಕ್ಕವಿದೆ. ಒದ್ದೆ ಜೋಳಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ಅದನ್ನು ತಿಂದರೆ ವಿಷ ರೂಪ ಬದಲಿಸಿ ಹಾಲಿಗಿಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಕೋಡೆಕ್ಸ್ ಮತ್ತು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎರಡೂ ಇಟ್ಟಿರುವ ಮಿತಿ ಹತ್ತು ಲಕ್ಷ ಕಿಲೋ ಹಾಲಿಗೆ ಅರ್ಧ ಗ್ರಾಂ. ಯುರೋಪಿನದು ಅದರ ಹತ್ತರಲ್ಲೊಂದು. ಹಾಗಾಗಿ ನಿಮ್ಮ ಜೋಳದ ಕಣ ಚೆನ್ನಾಗಿ ಒಣಗಿದೆಯೇ ಎಂಬ ಪ್ರಶ್ನೆ ಡೇರಿಗೆ ಹಾಲು ಹಾಕುವ ಪ್ರತಿ ಮನೆಯ ಪ್ರಶ್ನೆ.

ಈಗ ಸಿಗದೇ ಇರುವುದರ ಮಾತು. ಹಡಗು ಹತ್ತುವ ಸೌತೆಗೆ ಇರುವ ಕಾವಲು ನಮ್ಮ ವಾರದ ಸಂತೆಯ ಬೀನ್ಸ್, ಟೊಮೇಟೊ, ಕೋಸಿಗೆ ಇಲ್ಲ. ಮಿತಿಗಳು ಕಾಗದದ ಮೇಲೆ ನಮಗೂ ಇವೆ, ತಾಲ್ಲೂಕು ಮಟ್ಟದಲ್ಲಿ ಪರೀಕ್ಷಿಸುವವರಿಲ್ಲ. ಯುರೋಪಿನ ಮಗುವಿನ ಊಟಕ್ಕೆ ಅಷ್ಟು ಲೆಕ್ಕ ಹಾಕುವ ನಾವು ಚನ್ನರಾಯಪಟ್ಟಣದ ಮಗುವಿನ ತಟ್ಟೆಗೆ ಲೆಕ್ಕ ಹಾಕುವುದಿಲ್ಲ. ಬಿತ್ತನೆಯಲ್ಲೂ ಅಷ್ಟೇ: ಲಿಮಾದಿಂದ ಸೋಮನಹಳ್ಳಿ ಕಾವಲಿನವರೆಗೆ ಬಂದ ವಿದ್ಯೆ, ಕಾವಲಿನಿಂದ ನಿಮ್ಮ ಊರಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ. ಸಸಿ ಬೆಳೆಸುವ ನರ್ಸರಿ ಹೋಬಳಿಗೊಂದಾದರೂ ಆಗದೆ ಜಲಂಧರಿನ ಹಂಗು ತಪ್ಪದು. ದೇಶದೇಶಗಳ ನಡುವಿನ ಕೊಂಡಿ ಗಟ್ಟಿಯಾಗಿಯೇ ಇದೆ. ಸಡಿಲವಾಗಿರುವುದು ತಾಲ್ಲೂಕು ಕಚೇರಿಗೂ ಹೊಲಕ್ಕೂ ನಡುವಿನದು.

ಅದನ್ನು ಬಿಗಿ ಮಾಡುವುದರಲ್ಲಿ ನಿಮ್ಮ ಪಾಲೂ ಇದೆ. ಹೊಲದಲ್ಲಿ ಹಿಂದೆ ನೋಡಿರದ ಹುಳುವೋ ಕಲೆಯೋ ಕಂಡರೆ ಸೀದಾ ಔಷಧಿ ಅಂಗಡಿಗೆ ಹೋಗಬೇಡಿ. ಹುಳುವನ್ನು ಡಬ್ಬಿಗೆ ಹಾಕಿ, ಎಲೆಯ ಫೋಟೊ ತೆಗೆದು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಮುಟ್ಟಿಸಿ. ಅದೂ ಆಗದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಸೈನಿಕ ಹುಳುವಿನ ಸುದ್ದಿ ಏಷ್ಯಾಕ್ಕೆಲ್ಲ ಹೋದದ್ದು ಶಿವಮೊಗ್ಗದಲ್ಲಿ ಯಾರೋ ಜೋಳದ ಸುಳಿ ಬಿಡಿಸಿ ನೋಡಿದ್ದರಿಂದ. ಮುಂದಿನ ಹುಳು ಮೊದಲು ಇಳಿಯುವುದು ಹೊಳೆನರಸೀಪುರದಲ್ಲೇ ಆಗಬಹುದು. ಸುಳಿ ಬಿಡಿಸಿ ನೋಡುತ್ತಿರಿ.